ಹಗ್ಗ ಹರಿಯದ ಒಂದು ಭಾನುವಾರ

ಹೂತ ಗಾಡಿ ಎತ್ತುವುದನ್ನು ಕಲಿಯುವ ನಮ್ಮ ತರಬೇತಿಗೆ ನೆರವಾದವರಲ್ಲಿ ಮೊದಲ ನಮಸ್ಕಾರ ಗದ್ದೆಯ ಯಜಮಾನರಿಗೆ. ನಿಮ್ಮ ಕೆಳಗಿನ ಗದ್ದೆ ಹಡಲು ಬಿದ್ದು ಆರು ವರ್ಷವಾಗಿತ್ತು. ಕೇಳಲು ಬಂದಾಗ “ಹಾಳು ಬಿದ್ದ ಗದ್ದೆಯಲ್ಲಿ ಹಾಳಾಗುವುದಕ್ಕೆ ಇನ್ನೇನಿದೆ, ತೆಗೆದುಕೊಳ್ಳಿ” ಎಂದಿರಿ. ಏನೇನಿತ್ತು ಎಂಬುದು ಈಗ ನಮ್ಮಿಬ್ಬರಿಗೂ ಗೊತ್ತಾಗಿದೆ. ಮೂರು ಅಂಚು ಕುಸಿದಿವೆ, ಬೇಲಿಯ ಎರಡು ಕಂಬ ವಾಲಿವೆ, ನಡುವೆ ಎಮ್ಮೆ ಹೊರಳಿದಂತಹ ಹೊಂಡವೊಂದು ಉಳಿದಿದೆ. ಎರಡು ಅಂಚನ್ನು ಕಟ್ಟಿಕೊಟ್ಟಿದ್ದೇವೆ. ಮೂರನೆಯದು ನನ್ನ ಲೆಕ್ಕದಲ್ಲಿ ಬಾಕಿ ಇದೆ, ಮರೆತಿಲ್ಲ.

ಮೇ ತಿಂಗಳ ಆ ಭಾನುವಾರ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸೀಮೆಯ ನಮ್ಮ ಊರಿನಲ್ಲಿ ನಡೆದದ್ದು ಜೀಪುಗಳ ಜಾತ್ರೆಯಲ್ಲ, ಸ್ಪರ್ಧೆಯೂ ಅಲ್ಲ. ರಸ್ತೆಯಲ್ಲದ ಕಡೆ ಗಾಡಿ ಓಡಿಸುವುದನ್ನೂ ಹೂತ ಗಾಡಿಯನ್ನು ಯಾರ ಕೈಕಾಲಿಗೂ ಪೆಟ್ಟಾಗದಂತೆ ಮೇಲೆತ್ತುವುದನ್ನೂ ಕಲಿಯಲು ಹದಿನಾಲ್ಕು ಗಾಡಿ, ಮೂವತ್ತೊಂದು ಜನ ಸೇರಿದ್ದೆವು. ತೋಟದ ಚಾಲಕರು, ತೋಟದ ಲೆಕ್ಕ ಬರೆಯುವ ಒಬ್ಬರು ರೈಟರು, ಹಾಲಿನ ಗಾಡಿಯವರು, ಶಾಲೆಯ ಮಕ್ಕಳನ್ನು ಸಾಗಿಸುವವರು, ಹಾಸನದಿಂದ ಹೊಸ ಥಾರ್ ಜೀಪು ತಂದ ಇಬ್ಬರು ಹುಡುಗರು, ಜೊತೆಗೆ ಐವರು ಹೆಂಗಸರು. ಸಂಜೆ ಆರಕ್ಕೆ ಎಣಿಸಿದಾಗ ಮೂವತ್ತೊಂದು ಜನವೂ ಇದ್ದರು, ಬೆರಳುಗಳೂ ಎಲ್ಲರಿಗೂ ಹತ್ತತ್ತೇ ಇದ್ದವು. ಅಷ್ಟಕ್ಕೇ ನಾನು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಇದಕ್ಕೆಲ್ಲ ಕಾರಣ ಕಳೆದ ವರ್ಷದ ಪುನರ್ವಸು ಮಳೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ರಾಜ್ಯಕ್ಕೆಲ್ಲ ಸುದ್ದಿ. 2018ರಲ್ಲಿ ಹಾಗಾಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಮುಚ್ಚಿದಾಗಲೂ ಹಾಗೆಯೇ. ಆದರೆ ನಮ್ಮ ಮನೆಗಳಿಗೆ ಬರುವ ಒಂದೂವರೆ ಮೈಲಿಯ ಮಣ್ಣುರಸ್ತೆ ಪ್ರತಿವರ್ಷ ಮೂರು ತಿಂಗಳು ಮುಚ್ಚಿಕೊಂಡೇ ಇರುತ್ತದೆ, ಅದು ಯಾರಿಗೂ ಸುದ್ದಿಯಲ್ಲ. ಆ ಮಳೆಯ ಒಂದು ದಿನ ಪಕ್ಕದ ಮನೆಯ ಅಜ್ಜರಿಗೆ ಉಸಿರು ಕಟ್ಟಿ, ಜೀಪಿನಲ್ಲಿ ಮಲಗಿಸಿಕೊಂಡು ಹೊರಟೆವು. ದೊಡ್ಡ ತಿರುವಿನಲ್ಲಿ ಗಾಡಿ ಆಕ್ಸಲ್‌ವರೆಗೆ ಹೂತಿತು. ಎದುರಿಗೆ ಬಂದ ಪಿಕಪ್‌ಗೆ ಮರ ಎಳೆಯುವ ಸರಪಳಿ ಕಟ್ಟಿ ಒಂದು ಜಗ್ಗು ಜಗ್ಗಿದೆವು. ಸರಪಳಿ ತುಂಡಾಗಿ ಅದರ ಕೊಕ್ಕೆ ಪಿಕಪ್‌ನ ಹಿಂದಿನ ಗಾಜನ್ನು ಒಡೆದು ಒಳಗಿನ ಸೀಟಿಗೆ ಬಂದು ಬಿತ್ತು. ಅದೇ ಸೀಟಿನಲ್ಲಿ ಕುಳಿತಿದ್ದ ಹುಡುಗನನ್ನು ಕಲ್ಲು ತರಲು ಕಳಿಸಿ ಎರಡು ನಿಮಿಷವೂ ಆಗಿರಲಿಲ್ಲ.

ಅಜ್ಜರು ಕೊನೆಗೆ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆ ತಲುಪಿದರು, ಉಳಿದುಕೊಂಡರು, ತರಬೇತಿಯ ದಿನ ಕುರ್ಚಿ ಹಾಕಿಸಿಕೊಂಡು ಕುಳಿತು ಎಲ್ಲರಿಗೂ ಬುದ್ಧಿ ಹೇಳಿದರು. ನನ್ನ ತಲೆಯಿಂದ ಹೋಗದಿದ್ದದ್ದು ಆ ಕೊಕ್ಕೆ. ಅದು ಈಗಲೂ ನಮ್ಮ ಕಣದ ಮನೆಯ ಮೊಳೆಗೆ ನೇತಾಡುತ್ತಿದೆ. ಮೂವತ್ತು ವರ್ಷದಿಂದ ಗಾಡಿ ಓಡಿಸುವ ನಾವು ಆ ದಿನ ಮಾಡಿದ್ದರಲ್ಲಿ ಸರಿಯಾದದ್ದು ಒಂದೂ ಇರಲಿಲ್ಲ ಎಂದು ತಿಳಿಯಲು ನನಗೆ ಹತ್ತು ತಿಂಗಳು ಬೇಕಾಯಿತು.

ತರಬೇತಿ ಕೊಟ್ಟವರಿಗೆ ಏನು ಹೇಳಲಿ? ಖರ್ಚಿಗೆ ಡೀಸೆಲ್ ದುಡ್ಡು ಮಾತ್ರ ತೆಗೆದುಕೊಂಡಿರಿ, ಹೆಸರು ಬರೆಯಬೇಡಿ ಎಂದಿರಿ, ಬರೆಯುತ್ತಿಲ್ಲ. ಬೆಳಗಿನ ಮೊದಲ ಎರಡು ಗಂಟೆ ನೀವು ಯಾರಿಗೂ ಇಂಜಿನ್ ಶುರು ಮಾಡಲು ಬಿಡಲಿಲ್ಲ. ಥಾರ್ ಹುಡುಗರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ, ನೀವೂ ನೋಡಿ ನೋಡದಂತೆ ಇದ್ದಿರಿ. ಆ ಎರಡು ಗಂಟೆ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಶ್ಯಾಕಲ್ ಎಂಬ ಕಬ್ಬಿಣದ ಬಳೆ, ಕೊಕ್ಕೆಗಳ ಪಾಠ. ಸರಪಳಿ ಹಿಗ್ಗುವುದಿಲ್ಲ, ಜಗ್ಗಿದಾಗ ಪೆಟ್ಟೆಲ್ಲ ಒಂದೇ ಕ್ಷಣದಲ್ಲಿ ಅದರ ಅತಿ ದುರ್ಬಲ ಕೊಂಡಿಗೆ ಬೀಳುತ್ತದೆ. ನೈಲಾನಿನ ಕೈನೆಟಿಕ್ ಹಗ್ಗ ತನ್ನ ಉದ್ದದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಿಗ್ಗಿ, ನುಂಗಿಕೊಂಡ ಶಕ್ತಿಯನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟು ಗಾಡಿಯನ್ನು ಕೆಸರಿನಿಂದ ಕೀಳುತ್ತದೆ. ಟ್ರೈಲರ್ ಸಿಕ್ಕಿಸುವ ಗುಂಡು ಇರುವುದು ನಿಧಾನವಾಗಿ ಎಳೆಯುವುದಕ್ಕೆ. ಅದಕ್ಕೆ ಹಗ್ಗ ಹಾಕಿ ಜಗ್ಗಿದರೆ ಆ ಗುಂಡು ಕಿತ್ತುಬಂದು ತೋಪಿನ ಗುಂಡೇ ಆಗುತ್ತದೆ. ನೀವು ಇದನ್ನು ಹೇಳುವಾಗ ನಾನು ಕಣದ ಮನೆಗೆ ಹೋಗಿ ಆ ಕೊಕ್ಕೆಯನ್ನು ತಂದು ಮೇಜಿನ ಮೇಲಿಟ್ಟೆ. ಅಲ್ಲಿಂದ ಮುಂದೆ ಯಾರೂ ಗಡಿಯಾರ ನೋಡಲಿಲ್ಲ.

ಆಮೇಲೆ ಲೆಕ್ಕ. ಚಕ್ರದ ಆಳಕ್ಕೆ ಹೂತರೆ ಎಳೆಯಬೇಕಾದ ಭಾರ ಸುಮಾರಾಗಿ ಗಾಡಿಯ ತೂಕದಷ್ಟು, ಮಡ್ಗಾರ್ಡ್‌ವರೆಗೆ ಹೂತರೆ ಅದರ ಎರಡರಷ್ಟು. ಹಾಗಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಹಗ್ಗವಲ್ಲ, ಗುದ್ದಲಿ! ಈ ಮಾತಿಗೆ ಹಿಂದಿನ ಸಾಲಿನಲ್ಲಿ ನಿಂತಿದ್ದ ತೋಟದ ಕೆಲಸದವರು ಜೋರಾಗಿ ನಕ್ಕರು. ಅದನ್ನೇ ಅವರು ವರ್ಷಾನುಗಟ್ಟಲೆ ಹೇಳುತ್ತ ಬಂದಿದ್ದರಂತೆ, ಸ್ಟೇರಿಂಗ್ ಹಿಡಿದವರು ಕೇಳಿಸಿಕೊಂಡಿರಲಿಲ್ಲ. ಸ್ಟೇರಿಂಗ್ ಹಿಡಿದವರಲ್ಲಿ ನಾನೂ ಒಬ್ಬ.

ನೀರು ಹೊಂದಿಸಿದವರಿಗೂ ಕೃತಜ್ಞತೆ. ಕೃತ್ತಿಕಾ ಮಳೆ ಬಂದು ಗದ್ದೆ ಕೆಸರಾಗುತ್ತದೆ ಎಂದು ನಾನು ಪಂಚಾಂಗ ನಂಬಿ ದಿನ ಗೊತ್ತು ಮಾಡಿದ್ದೆ. ಶುಕ್ರವಾರದವರೆಗೂ ಗದ್ದೆಯ ಮಣ್ಣು ಅವಲಕ್ಕಿಯಂತೆ ಬಿರುಕು ಬಿಟ್ಟುಕೊಂಡು ಬಿದ್ದಿತ್ತು. ಕೆರೆಯ ಪಂಪನ್ನು, ಪೈಪುಗಳನ್ನು ಕೊಟ್ಟು ಎರಡು ರಾತ್ರಿ ಕಾದು ನೀರು ಹಾಯಿಸಿದ ಅಣ್ಣತಮ್ಮಂದಿರೇ, ಕಾಫಿ ಹೂವಿಗೆ ನೀರು ಹೊಡೆಯುವಾಗಲೂ ನೀವು ಅಷ್ಟು ನಿದ್ದೆಗೆಟ್ಟಿರಲಿಕ್ಕಿಲ್ಲ. ತಮಾಷೆ ಎಂದರೆ ಶನಿವಾರ ರಾತ್ರಿ ಹತ್ತಕ್ಕೆ ಮಳೆಯೂ ಬಂತು. ಎರಡೂ ಸೇರಿ ಭಾನುವಾರ ಸಿಕ್ಕಿದ್ದು ನಾವು ಬಯಸಿದ್ದಕ್ಕಿಂತ ಅರ್ಧ ಅಡಿ ಹೆಚ್ಚು ಆಳದ ಕೆಸರು.

ಆ ಕೆಸರಿಗೆ ತಮ್ಮ ಎಂಎಂ 540 ಜೀಪನ್ನು ತಾವಾಗಿಯೇ ಇಳಿಸಿ ಹೂಳಿಸಿಕೊಂಡ ಹಿರಿಯ ಚಾಲಕರನ್ನು ನೆನೆಯದೆ ಮುಂದೆ ಹೋಗಲಾರೆ. ಅಭ್ಯಾಸಕ್ಕೆ ಒಂದು ಗಾಡಿ ಸಿಕ್ಕಿಕೊಳ್ಳಲೇಬೇಕು, ಯಾರ ಗಾಡಿ ಎಂದು ಕೇಳಿದಾಗ ಎಲ್ಲರೂ ಬೂಟು ನೋಡಿಕೊಂಡರು. “ನನ್ನದು ಹೇಗೂ ಸಿಕ್ಕಿಕೊಂಡೇ ಬದುಕಿದ್ದು” ಎಂದು ಇವರು ಬೀಡಿ ಆರಿಸಿ ಹೊರಟರು. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದ ಮೇಲೆ ಈ ಸೀಮೆಯ ಮೂಟೆ, ಗೊಬ್ಬರ, ಬಾಣಂತಿ, ಮದುಮಗಳು ಎಲ್ಲವೂ ಜೀಪಿನಲ್ಲೇ ಓಡಾಡಿದ್ದು. ಅದನ್ನು ಓಡಿಸಿದ ತಲೆಮಾರಿನ ಕೊನೆಯ ಕೆಲವರಲ್ಲಿ ಇವರು ಒಬ್ಬರು. ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದರೆ, ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತಿ ಬಲವನ್ನು ಆಚೆ ಚಕ್ರಕ್ಕೆ ತಳ್ಳುವ ಉಪಾಯವನ್ನು ಅವರೇ ಮಾಡಿ ತೋರಿಸಿದರು. ತರಬೇತುದಾರರು ಅದಕ್ಕೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಕಾರಣ ಕೊಟ್ಟರು. ಹಿರಿಯರು ಕೇಳಿ, “ಓಹೋ, ಅದಕ್ಕೆ ಕಾರಣವೂ ಇದೆಯೇ” ಎಂದರು.

ಅವರ ಮಗನ ವಯಸ್ಸಿನ ಇನ್ನೊಬ್ಬ ಚಾಲಕ ಹಳೆಯ ಜೀಪು ತಂದಿದ್ದ. ಫೋರ್ ವೀಲ್ ಹಾಕಿದ್ದೇನೆ, ಆದರೂ ಏರುತ್ತಿಲ್ಲ, ಗೇರ್‌ಬಾಕ್ಸ್ ಹೋಗಿರಬೇಕು ಎಂದು ಎರಡು ಮಳೆಗಾಲದಿಂದ ದುಃಖಪಡುತ್ತಿದ್ದನಂತೆ. ಹಿರಿಯರು ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಚಕ್ರದ ನಡುವಿನ ಹಬ್ ಅನ್ನು ಬೆರಳಿನಿಂದ ತಿರುವಿ, ಆ ಕಡೆಯದನ್ನೂ ತಿರುವಿ, ಏನೂ ಹೇಳದೆ ಎದ್ದು ಬಂದರು. ಫೋರ್ ವೀಲ್ ಲಿವರ್ ಹಾಕುವುದಕ್ಕೆ ಮೊದಲು ಮುಂದಿನ ಹಬ್‌ಗಳನ್ನು ಕೈಯಿಂದ ಲಾಕ್ ಮಾಡಬೇಕು ಎಂದು ಆ ಗಾಡಿ ಮಾರಿದವರು ಅವನಿಗೆ ಹೇಳಿಯೇ ಇರಲಿಲ್ಲ. ಗಾಡಿ ಏರು ಹತ್ತಿತು. ತಮ್ಮಾ, ನಾವೆಲ್ಲ ನಕ್ಕದ್ದಕ್ಕೆ ಕ್ಷಮಿಸು. ನೀನೂ ನಮ್ಮೊಡನೆ ನಕ್ಕೆಯಲ್ಲ, ಅದಕ್ಕೆ ಥ್ಯಾಂಕ್ಸ್.

ಬೇಡವೆಂದು ಹಟ ಹಿಡಿದಿದ್ದ ಕೆಳಮನೆಯವರಿಗೂ ಇಲ್ಲಿ ದೊಡ್ಡ ಜಾಗವಿದೆ. ಪೇಟೆಯವರು ಜೀಪು ತಂದು ಗುಡ್ಡದ ಹುಲ್ಲನ್ನು ಸೀಳಿ ವಿಡಿಯೋ ಮಾಡಿಕೊಂಡು ಹೋಗುವುದನ್ನು ನೀವು ಕಣ್ಣಾರೆ ಕಂಡವರು. ನಿಮ್ಮ ಸಿಟ್ಟು ನ್ಯಾಯವಾದದ್ದು. ಹಳ್ಳಕ್ಕೆ ಒಂದು ಚಕ್ರವೂ ಇಳಿಯಬಾರದು, ಕಾಡಿನ ಅಂಚಿಗೆ ಹೋಗಬಾರದು, ಮಧ್ಯಾಹ್ನ ನಾಲ್ಕರ ಮೇಲೆ ಇಂಜಿನ್ ಸದ್ದು ಇರಬಾರದು ಎಂದು ಮೂರು ಷರತ್ತು ಹಾಕಿದಿರಿ. ಮೊದಲನೆಯದರಿಂದ ನನಗೆ ಬೇಸರವಾಗಿತ್ತು, ನೀರು ದಾಟುವ ಪಾಠವೇ ತಪ್ಪಿತಲ್ಲ ಎಂದು. ಆದರೆ ಅದನ್ನು ದಡದಲ್ಲಿ ನಿಂತು ಕೋಲು ಹಿಡಿದೇ ಕಲಿತೆವು. ಮೊದಲು ಮನುಷ್ಯ ನಡೆದು ನೋಡಬೇಕು, ಇಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ತಿಳಿದಿರಬೇಕು, ನೀರಿನ ನಡುವೆ ಇಂಜಿನ್ ನಿಂತರೆ ಮತ್ತೆ ಕೀಲಿ ತಿರುವಬಾರದು. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ. ಅದೇ ಹಳ್ಳದ ನೀರನ್ನು ಕುಡಿಯುವವರು ನೀವು. ಡೀಸೆಲ್ ವಾಸನೆ ಬರಲಿಲ್ಲ ತಾನೆ? ಮೂರನೆಯ ಷರತ್ತನ್ನು ಮಾತ್ರ ನಲವತ್ತು ನಿಮಿಷ ಮೀರಿದೆವು. ಬೇಲಿಯಾಚೆ ಬಂದು ನಿಂತಿರಿ. ಬೈಯುತ್ತೀರಿ ಎಂದುಕೊಂಡೆ. “ಆ ಬಿಳಿ ಗಾಡಿಯವನಿಗೆ ಗಾಳಿ ಇನ್ನೂ ಇಳಿಸಲು ಹೇಳಿ” ಎಂದಿರಿ. ನೀವು ಹೇಳಿದಂತೆಯೇ ಟೈರಿನ ಗಾಳಿಯನ್ನು ಮೂವತ್ತೆರಡರಿಂದ ಹದಿನೆಂಟಕ್ಕೆ ಇಳಿಸಿದ ಮೇಲೆ ಆ ಗಾಡಿ ಯಾರೂ ಮುಟ್ಟದೆ ತಾನೇ ಎದ್ದು ಬಂತು.

ವಿಂಚ್‌ನ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರದ) ಹಗ್ಗ ಕಟ್ಟಲು ಮರ ಕೊಟ್ಟ ತೋಟದವರು ಒಂದೇ ಮಾತು ಹೇಳಿದ್ದರು: ಮೆಣಸಿನ ಬಳ್ಳಿ ಹಬ್ಬಿದ ಮರ ಮುಟ್ಟಬೇಡಿ. ನಮ್ಮ ತೋಟಗಳಲ್ಲಿ ಬಳ್ಳಿ ಹಬ್ಬದ ಮರ ಹುಡುಕುವುದು ಎಷ್ಟು ಕಷ್ಟ ಎಂದು ಬೆಳೆಗಾರರಿಗೆ ಗೊತ್ತು. ಕೊನೆಗೊಂದು ಮುದಿ ಹಲಸಿನ ಮರ ಸಿಕ್ಕಿತು. ಅಗಲದ ಪಟ್ಟಿಯನ್ನು ಬುಡಕ್ಕೆ ಸುತ್ತಿ, ತೊಗಟೆಗೆ ಗೋಣಿಚೀಲ ಇಟ್ಟು, ರಾಟೆಯ ಮೂಲಕ ಹಗ್ಗವನ್ನು ಮಡಿಸಿ ಎಳೆದಾಗ ವಿಂಚ್‌ಗೆ ಬೀಳುವ ಭಾರ ಅರ್ಧವಾಯಿತು, ಮರದ ಮೇಲಿನ ಭಾರ ಅರ್ಧವಾಗಲಿಲ್ಲ. ಹಗ್ಗದ ನಡುವೆ ಹೊದೆಸಿದ ಹಳೆಯ ಕಂಬಳಿ ಅಜ್ಜರದು. ಹಗ್ಗ ಹರಿದರೆ ಹಾರದಂತೆ ಅದು ಕೆಳಕ್ಕೆ ಒತ್ತಿಹಿಡಿಯುತ್ತದೆ. ಹರಿಯಲಿಲ್ಲ. ಒಬ್ಬರೇ ಕೈಸನ್ನೆ ಕೊಡಬೇಕು, ಉಳಿದವರು ಹಗ್ಗದ ಉದ್ದದ ಒಂದೂವರೆಯಷ್ಟು ದೂರ ನಿಲ್ಲಬೇಕು ಎಂಬ ನಿಯಮವನ್ನು ಆ ದಿನ ಕಟ್ಟುನಿಟ್ಟಾಗಿ ಪಾಲಿಸಿದವರು ನಮ್ಮ ಐವರು ಹೆಂಗಸರು. ಅವರಲ್ಲೊಬ್ಬರು ಶಿಳ್ಳೆ ಹಿಡಿದು ನಿಂತ ಮೇಲೆ ಗಂಡಸರು ಹಗ್ಗ ದಾಟುವುದನ್ನು ಬಿಟ್ಟರು. ಅಷ್ಟು ಜನ ಗಂಡಸರು ಒಟ್ಟಿಗೆ ಮಾತು ಕೇಳಿದ್ದನ್ನು ಊರು ಹಿಂದೆಂದೂ ನೋಡಿರಲಿಲ್ಲ.

ಬೆಳಗ್ಗೆ ಆರಕ್ಕೇ ಫೋನ್ ಮಾಡಿ, ಆನೆಗಳು ಆಚೆ ಗುಡ್ಡಕ್ಕೆ ದಾಟಿವೆ, ಧೈರ್ಯವಾಗಿ ನಡೆಸಿ ಎಂದ ಅರಣ್ಯ ಇಲಾಖೆಯ ಆನೆ ಕಾವಲಿನ ಹುಡುಗರಿಗೆ, ರಜೆಯ ದಿನವೂ ಪೆಟ್ಟಿಗೆ ಹಿಡಿದು ಬಂದು ಒಂದೇ ಒಂದು ಜಿಗಣೆ ಕಡಿತಕ್ಕೆ ಹತ್ತಿ ಇಟ್ಟು ಕೆಲಸವಿಲ್ಲದೆ ಕುಳಿತಿದ್ದ ನರ್ಸಮ್ಮನಿಗೆ ವಂದನೆ. ಕಡುಬು, ಕೋಳಿ ಸಾರು, ಬೇಳೆ ಸಾರು, ಅಕ್ಕಿರೊಟ್ಟಿ ಮಾಡಿದ ತೋಟದ ಕೆಲಸದವರ ಲೈನ್ ಮನೆಯ ಅಕ್ಕಂದಿರಿಗೆ ನಾನು ತಪ್ಪೊಪ್ಪಿಗೆಯನ್ನೂ ಸೇರಿಸಬೇಕು. ಮೂವತ್ತೊಂದು ಜನ ಎಂದು ಹೇಳಿ ನೋಡಲು ಬಂದವರನ್ನು ಲೆಕ್ಕ ಹಿಡಿಯಲಿಲ್ಲ. ಐವತ್ತು ಎಲೆ ಬಿತ್ತು. ನೀವು ಉಂಡದ್ದು ಮೂರೂವರೆಗೆ, ಅದೂ ಬರೀ ಬೇಳೆ ಸಾರು.

ಇನ್ನಷ್ಟು ತಪ್ಪುಗಳಿವೆ. ಎಳೆಯುವ ಗಟ್ಟಿ ಕೊಂಡಿ ಇಲ್ಲದ ಗಾಡಿ ತಂದ ಇಬ್ಬರನ್ನು ಗೇಟಿನಲ್ಲೇ ನಿಲ್ಲಿಸಿ ನೋಡಲು ಮಾತ್ರ ಬಿಟ್ಟೆವು. ಆ ನಿಯಮವನ್ನು ಮೊದಲೇ ತಿಳಿಸಬೇಕಿತ್ತು. ಒಬ್ಬರ ಕ್ಲಚ್ ಸುಟ್ಟಿತು. ಹತ್ತಲಾಗದ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಹೋರಾಡಬಾರದು, ರಿವರ್ಸ್ ಗೇರಿನಲ್ಲಿ ನೇರವಾಗಿ ಇಳಿಯಬೇಕು ಎಂಬ ಪಾಠ ಮಧ್ಯಾಹ್ನದ್ದಾಗಿತ್ತು, ಅವರು ಬೆಳಗ್ಗೆಯೇ ಏರಿಗೆ ಹೋಗಿದ್ದರು. ಪಾಠದ ಕ್ರಮ ನನ್ನದು, ಹಾಗಾಗಿ ಅದರ ಅರ್ಧ ಖರ್ಚೂ ನನ್ನದೇ.

ಲೆಕ್ಕ ಹೀಗಿದೆ. ಗಾಡಿಗೆ ಎಂಟುನೂರು ರೂಪಾಯಿಯಂತೆ ಬಂದದ್ದು ಹನ್ನೊಂದು ಸಾವಿರದ ಇನ್ನೂರು. ಊಟ, ಡೀಸೆಲ್, ಬೇಲಿ ಕಂಬ ಕಳೆದು ಉಳಿದದ್ದು ಸ್ವಲ್ಪ. ಅಜ್ಜರ ಮಗ ಅದಕ್ಕೆ ತಮ್ಮದನ್ನು ಸೇರಿಸಿ ಒಂದು ಕೈನೆಟಿಕ್ ಹಗ್ಗ, ಮರಕ್ಕೆ ಸುತ್ತುವ ಒಂದು ಪಟ್ಟಿ, 4.75 ಟನ್ ಎಂದು ಮುದ್ರೆಯಿರುವ ಎರಡು ಶ್ಯಾಕಲ್ ತರಿಸಿದ್ದಾರೆ. ಎರಡು ಗುದ್ದಲಿ ಮತ್ತು ಆ ಕಂಬಳಿಯ ಜೊತೆ ಅವು ಹಾಲಿನ ಡೇರಿಯ ಹಸಿರು ಟ್ರಂಕಿನಲ್ಲಿವೆ. ಕೀಲಿ ಡೇರಿಯಲ್ಲೇ, ತಕ್ಕಡಿಯ ಹಿಂದೆ. ಯಾರ ಅಪ್ಪಣೆಯೂ ಬೇಡ, ಪುಸ್ತಕದಲ್ಲಿ ಹೆಸರು, ದಿನ ಬರೆದು ಒಯ್ಯಿರಿ.

ಮೃಗಶಿರಾ ಮಳೆಯ ಎರಡನೆಯ ದಿನ ಪುಸ್ತಕದಲ್ಲಿ ಮೊದಲ ಹೆಸರು ಬಿದ್ದಿದೆ, ಹಬ್ ಲಾಕ್ ಮಾಡಲು ಗೊತ್ತಿಲ್ಲದಿದ್ದ ನಮ್ಮ ತಮ್ಮನದೇ. ದೊಡ್ಡ ತಿರುವಿನಲ್ಲಿ ಹೂತಿದ್ದ ಶಾಲೆಯ ಗಾಡಿಯನ್ನು ಮಕ್ಕಳನ್ನೆಲ್ಲ ಕೆಳಗಿಳಿಸಿ ಮೇಲಿನ ಬದಿಗೆ ಕಳಿಸಿ, ಕಂಬಳಿ ಹೊದೆಸಿ ಎಳೆದಿದ್ದಾನೆ. ಹಗ್ಗವನ್ನು ಮಾತ್ರ ಕೆಸರಿನ ಸಮೇತ ಟ್ರಂಕಿಗೆ ತುರುಕಿದ್ದಾನೆ. ಮಣ್ಣಿನ ಕಣ ಎಳೆಗಳ ನಡುವೆ ಕುಳಿತು ಹಗ್ಗವನ್ನು ಒಳಗಿನಿಂದಲೇ ಕತ್ತರಿಸುತ್ತದೆ. ನಾನು ತೊಳೆದು ನಮ್ಮ ಅಟ್ಟದಲ್ಲಿ ಒಣಗಲು ಹಾಕಿದ್ದೇನೆ, ಗುರುವಾರದವರೆಗೆ ಬೇಕಾದವರು ಅಲ್ಲಿಂದಲೇ ತೆಗೆದುಕೊಳ್ಳಬಹುದು.