ಹಗ್ಗ ಎಳೆಯುವ ಹಕ್ಕು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪಾಳು ಕಾರ್ಖಾನೆಯ ಚಿತ್ರ ನೋಡಿದೆ. ಅಲಬಾಮಾದ ಕಾರ್ಖಾನೆಯ ಹೊಸ ಕೆಲಸದ ತರಬೇತಿಯಲ್ಲಿ ಅದನ್ನು ಪರದೆಯ ಮೇಲೆ ತೋರಿಸಿ, ಯೂನಿಯನ್ ಕಾಲಿಟ್ಟ ಊರಿನ ಗತಿ ಇದು ಎಂದರಂತೆ. ನಮ್ಮ ಡೆಟ್ರಾಯಿಟ್ ಹಾಳಾದದ್ದೂ ಹಾಗೆಯೇ ಅಲ್ಲವೇ ಅಮ್ಮ ಎಂದು ನೀನು ಕೇಳಿದ್ದೀಯ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ಅರ್ಧಕ್ಕೇ ನಿನಗೆ ಇನ್ನೊಂದು ಕರೆ ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದು.

ಆ ಚಿತ್ರ ಈಸ್ಟ್ ಗ್ರ್ಯಾಂಡ್ ಬುಲವಾರ್ಡ್‌ನಲ್ಲಿದ್ದ ಪ್ಯಾಕರ್ಡ್ ಕಾರ್ಖಾನೆಯದು. ರಸ್ತೆಯ ಮೇಲೆ ಹಾದಿದ್ದ ಅದರ ಸೇತುವೆಯಿಂದ ನನಗೆ ಗುರುತು ಸಿಕ್ಕಿತು. 2019ರಲ್ಲಿ ಅದೂ ಕುಸಿದುಬಿತ್ತು. ಆದರೆ ಪ್ಯಾಕರ್ಡ್ ಕಂಪನಿ ಡೆಟ್ರಾಯಿಟ್‌ನಲ್ಲಿ ಕಾರು ಮಾಡುವುದನ್ನು ನಿಲ್ಲಿಸಿದ್ದು 1956ರಲ್ಲಿ. ಆಗ ಅಮೆರಿಕದ ಕಾರು ಉದ್ಯಮಕ್ಕೆ ಜಗತ್ತಿನಲ್ಲಿ ಸಾಟಿಯೇ ಇರಲಿಲ್ಲ. ಅದೇ ಊರಿನಲ್ಲಿ, ಅದೇ ಯೂನಿಯನ್ ಜೊತೆ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕೈತುಂಬ ಲಾಭ ಮಾಡುತ್ತಿದ್ದವು. ಆ ಎರಡು ದೈತ್ಯರ ಬೆಲೆ ಸಮರದಲ್ಲಿ ಪ್ಯಾಕರ್ಡ್ ನಲುಗಿತು. ಅದಕ್ಕೆ ಬಾಡಿ ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪನಿಯ ಘಟಕಗಳನ್ನು ಕ್ರೈಸ್ಲರ್ ಕೊಂಡುಕೊಂಡಿತು. ಸೋಲುತ್ತಿದ್ದ ಸ್ಟುಡಬೇಕರ್ ಜೊತೆಗಿನ ವಿಲೀನವೂ ಅದನ್ನು ಉಳಿಸಲಿಲ್ಲ. ಪರದೆಯ ಮೇಲೆ ತೋರಿಸಿದವರು 1956 ಎಂಬ ಆ ವರ್ಷವನ್ನು ಹೇಳಿರಲಾರರು. 2014ರಲ್ಲಿ ಟೆನೆಸಿಯ ಚಟ್ಟನೂಗದಲ್ಲಿ ಫೋಕ್ಸ್‌ವ್ಯಾಗನ್ ನೌಕರರು ಯೂನಿಯನ್ ಬೇಕೋ ಬೇಡವೋ ಎಂದು ಮತ ಹಾಕುವ ಹೊತ್ತಿನಲ್ಲೂ ರಸ್ತೆ ಬದಿಯ ಫಲಕಗಳಲ್ಲಿ ಡೆಟ್ರಾಯಿಟ್‌ನ ಪಾಳು ಕಾರ್ಖಾನೆ ಮೂಡಿತ್ತು. ಹಳೆಯ ಉಪಾಯ ಇದು.

ಊರಿನ ಕಥೆ ಬೇರೆ, ಉದ್ಯಮದ ಕಥೆ ಬೇರೆ ಎಂಬುದನ್ನೂ ನೆನಪಿಡು. 1950ರಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ 18.5 ಲಕ್ಷ, 2020ರ ಹೊತ್ತಿಗೆ ಸುಮಾರು 6.4 ಲಕ್ಷ. ಜನ ಊರು ಬಿಡತೊಡಗಿದ್ದು ಉದ್ಯಮ ಉಚ್ಛ್ರಾಯದಲ್ಲಿದ್ದಾಗಲೇ. ಕಂಪನಿಗಳು ಹೊಸ ಘಟಕಗಳನ್ನು ಹೊರವಲಯದಲ್ಲಿ, ಬೇರೆ ರಾಜ್ಯಗಳಲ್ಲಿ ಕಟ್ಟಿದವು. ಬಿಳಿಯರು ಉಪನಗರಗಳಿಗೆ ಹೋದರು. ಕಪ್ಪು ಜನಕ್ಕೆ ಅಲ್ಲಿ ಮನೆ ಸಿಗದಂತೆ ನೋಡಿಕೊಂಡರು. ಇದೊಂದನ್ನೇ ಬರೆದರೆ ಇನ್ನೊಂದು ಪತ್ರವಾದೀತು.

ಯೂನಿಯನ್ ಏಕೆ ಹುಟ್ಟಿತು ಎಂಬುದು ನಿನಗೆ ಗೊತ್ತಿರಬೇಕು. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯ ಫ್ಲಿಂಟ್‌ನಲ್ಲಿ 1930ರ ದಶಕದಲ್ಲಿ ಕೆಲಸ ಉಳಿಯುವುದು, ಹೋಗುವುದು ಫೋರ್‌ಮನ್‌ನ ಮರ್ಜಿಯ ಮೇಲಿತ್ತು. ಕಾರ್ಮಿಕರ ನಡುವೆ ಗೂಢಚಾರರನ್ನು ಬಿಡಲು ಜನರಲ್ ಮೋಟಾರ್ಸ್ ಎರಡೂವರೆ ವರ್ಷಗಳಲ್ಲಿ ಸುಮಾರು 10 ಲಕ್ಷ ಡಾಲರ್ ಖರ್ಚು ಮಾಡಿತ್ತೆಂದು ಸೆನೆಟ್‌ನ ಸಮಿತಿಯೇ ಬಯಲಿಗೆಳೆಯಿತು. 1936ರ ಡಿಸೆಂಬರ್ 30ರಂದು ಆ ಕಂಪನಿಯ ಫಿಶರ್ ಬಾಡಿ ಘಟಕಗಳ ಕಾರ್ಮಿಕರು ಯಂತ್ರ ನಿಲ್ಲಿಸಿ ಒಳಗೇ ಕುಳಿತುಬಿಟ್ಟರು. ಹೊರಗೆ ನಿಂತು ಮುಷ್ಕರ ಹೂಡಿದರೆ ಬೇರೆಯವರನ್ನು ತಂದು ಕಾರು ಜೋಡಿಸುವ ಲೈನ್ ನಡೆಸುತ್ತಾರೆ, ಒಳಗೇ ಕುಳಿತರೆ ಏನು ಮಾಡುತ್ತಾರೆ? ಜನವರಿಯ ಕೊರೆಯುವ ಚಳಿಯಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿದಾಗ ಒಳಗಿದ್ದವರು ಅಗ್ನಿಶಾಮಕ ಪೈಪುಗಳಿಂದ ನೀರು ಹಾಯಿಸಿದರು, ಬಾಗಿಲಿನ ತಿರುಗಣಿಗಳನ್ನು ಎಸೆದರು. ಅವರ ಹೆಂಡತಿಯರು, ಅಕ್ಕತಂಗಿಯರು ದಂಡು ಕಟ್ಟಿಕೊಂಡು ಬೀದಿಗಿಳಿದರು. ಗವರ್ನರ್ ಫ್ರ್ಯಾಂಕ್ ಮರ್ಫಿ ರಾಜ್ಯದ ಸೇನಾಪಡೆಯಾದ ನ್ಯಾಷನಲ್ ಗಾರ್ಡ್ ಕರೆಸಿದರೂ ಕಾರ್ಮಿಕರನ್ನು ಹೊರಹಾಕಲು ಅದನ್ನು ಬಳಸಲಿಲ್ಲ. 44ನೇ ದಿನ, 1937ರ ಫೆಬ್ರುವರಿ 11ರಂದು, ಜನರಲ್ ಮೋಟಾರ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಯುನೈಟೆಡ್ ಆಟೋ ವರ್ಕರ್ಸ್ ಎಂಬ ಯೂನಿಯನ್ ಬೇರೂರಿದ್ದು ಹೀಗೆ. ಅದೇ ವರ್ಷ ಮೇ ತಿಂಗಳಲ್ಲಿ ಫೋರ್ಡ್‌ನ ರೂಜ್ ಕಾರ್ಖಾನೆಯ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ಯೂನಿಯನ್ ನಾಯಕ ವಾಲ್ಟರ್ ರೂಥರ್ ಮತ್ತು ಅವರ ಜೊತೆಗಾರರನ್ನು ಕಂಪನಿಯ ಆಳುಗಳು ರಕ್ತ ಸುರಿಯುವಂತೆ ಬಡಿದರು. ಫೋರ್ಡ್ ಒಪ್ಪಂದಕ್ಕೆ ಬಂದದ್ದು 1941ರಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1945ರ ಕೊನೆಗೆ ರೂಥರ್ ನೇತೃತ್ವದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಮುಷ್ಕರ ಆರಂಭವಾಯಿತು. ಅವರ ಬೇಡಿಕೆ ಏನಿತ್ತು ಗೊತ್ತೇ? ಸಂಬಳ ಶೇಕಡಾ 30ರಷ್ಟು ಹೆಚ್ಚಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ. ಆಗದು ಎನ್ನುವುದಾದರೆ ನಿಮ್ಮ ಲೆಕ್ಕದ ಪುಸ್ತಕ ತೆರೆದು ತೋರಿಸಿ. ಕೊಳ್ಳುವವರ ಹಿತವನ್ನೂ ಸೇರಿಸಿ ಮಾತನಾಡಿದ ಬೇಡಿಕೆ ಅದು. ಕಂಪನಿ ಸುತರಾಂ ಒಪ್ಪಲಿಲ್ಲ. 113 ದಿನ ನಡೆದ ಮುಷ್ಕರ ಗಂಟೆಗೆ ಹದಿನೆಂಟೂವರೆ ಸೆಂಟ್ ಏರಿಕೆಯೊಂದಿಗೆ ಮುಗಿಯಿತು, ಪುಸ್ತಕ ತೆರೆಯಲೇ ಇಲ್ಲ. ಮುಂದೆ 1950ರಲ್ಲಿ ಐದು ವರ್ಷಗಳ ದೊಡ್ಡ ಒಪ್ಪಂದವಾಯಿತು. ಪಿಂಚಣಿ, ತುಟ್ಟಿಭತ್ಯೆ, ಆರೋಗ್ಯ ವಿಮೆಯ ಪಾಲು ಎಲ್ಲ ಸಿಕ್ಕವು. ಅದರ ಬದಲಿಗೆ ಯಾವ ಕಾರು ಮಾಡಬೇಕು, ಯಾವ ಬೆಲೆಗೆ ಮಾರಬೇಕು, ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂಬುದು ಪೂರ್ತಿಯಾಗಿ ಆಡಳಿತ ಮಂಡಳಿಯ ಅಧಿಕಾರವಾಗಿ ಉಳಿಯಿತು. ಸಂಬಳ ತೆಗೆದುಕೊಳ್ಳಿ, ಕಾರಿನ ವಿಷಯದಲ್ಲಿ ಬಾಯಿ ಹಾಕಬೇಡಿ. ಡೆಟ್ರಾಯಿಟ್ ದಾರಿ ತಪ್ಪಿದ್ದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಸಣ್ಣ, ಅಗ್ಗದ ಕಾರು ಮಾಡಿ ಎಂದು ಯೂನಿಯನ್ 1949ರಲ್ಲೇ ಹೇಳಿತ್ತು. ದೊಡ್ಡ ಕಾರಿನಲ್ಲಿ ದೊಡ್ಡ ಲಾಭ ಕಾಣುತ್ತಿದ್ದವರು ಕೇಳಿಸಿಕೊಳ್ಳಲಿಲ್ಲ. 1973ರಲ್ಲಿ, ಮತ್ತೆ 1979ರಲ್ಲಿ ತೈಲದ ಬೆಲೆ ನೆಗೆದಾಗ ಜನ ಜಪಾನಿನ ಕಾರುಗಳತ್ತ ತಿರುಗಿದರು. ಯಾವ ಕಾರು ಮಾಡಬೇಕೆಂಬ ತೀರ್ಮಾನಕ್ಕೆ ಬೆರಳನ್ನೂ ಸೋಕಿಸದ ಜನರ ತಲೆಗೆ ಅದರ ಸೋಲನ್ನು ಕಟ್ಟುವುದು ಯಾವ ನ್ಯಾಯ?

ಆ ಸೋಲಿನ ಸಿಟ್ಟು ಎಲ್ಲಿಗೆ ಹರಿಯಿತು ಎಂಬುದನ್ನು ನಮ್ಮಂಥ ಮುಖಗಳವರು ಮರೆಯಬಾರದು. 1982ರ ಜೂನ್‌ನಲ್ಲಿ ಡೆಟ್ರಾಯಿಟ್ ನಡುವಿನ ಹೈಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ಯುವಕನನ್ನು ಇಬ್ಬರು ಬಿಳಿಯರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಒಬ್ಬ ಕ್ರೈಸ್ಲರ್‌ನ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡಿದ್ದ ಅವನ ಮಲಮಗ. ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು ಎಂಬರ್ಥದ ಬೈಗುಳ ಕೇಳಿದ್ದಾಗಿ ಸಾಕ್ಷಿಯೊಬ್ಬರು ಹೇಳಿದರು. ನ್ಯಾಯಾಲಯ ಕೊಟ್ಟದ್ದು ಪ್ರೊಬೇಷನ್ ಮತ್ತು 3,000 ಡಾಲರ್ ದಂಡ, ಜೈಲಿಲ್ಲ. ತಪ್ಪನ್ನು ತಪ್ಪು ಜಾಗದಲ್ಲಿ ಹುಡುಕಿದರೆ ಜೀವ ಹೋಗುತ್ತದೆ, ಕಂದಾ. ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದಕ್ಕೆ ಅದೂ ಒಂದು ಕಾರಣ.

ಅದೇ 1982ರಲ್ಲಿ ಜನರಲ್ ಮೋಟಾರ್ಸ್ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು ಮುಚ್ಚಿತು. ಕಂಪನಿಯಲ್ಲೇ ಅತ್ಯಂತ ಕೆಟ್ಟ ಕಾರ್ಖಾನೆ ಎಂದು ಅದಕ್ಕೆ ಹೆಸರು. ಕೆಲವು ದಿನ ಐವರಲ್ಲಿ ಒಬ್ಬರು ಗೈರು, ಕುಡಿದು ಬರುವವರು, ಗುಡ್ಡೆಬಿದ್ದ ದೂರು ಅರ್ಜಿಗಳು, ಬೇಕೆಂದೇ ಕಾರು ಕೆಡಿಸುವವರು. 1984ರಲ್ಲಿ ಟೊಯೋಟಾ ಜೊತೆಗೂಡಿ ಅದೇ ಜಾಗದಲ್ಲಿ ನಮ್ಮಿ ಎಂಬ ಕಾರ್ಖಾನೆ ಶುರುವಾಯಿತು. ಯೂನಿಯನ್ ಪಟ್ಟು ಹಿಡಿದದ್ದರಿಂದ ಕೆಲಸಕ್ಕೆ ಸೇರಿದವರಲ್ಲಿ ಬಹುಪಾಲು ಜನ ಹಳಬರೇ. ಅವರಲ್ಲಿ ನೂರಾರು ಮಂದಿಯನ್ನು ಜಪಾನಿಗೆ ಕಳಿಸಿ ಕಲಿಸಿದರು. ಲೈನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದ್ದರು: ತಪ್ಪು ಕಂಡರೆ ಯಾವ ಕಾರ್ಮಿಕನಾದರೂ ಎಳೆಯಬಹುದು, ತಂಡದ ಮುಖ್ಯಸ್ಥ ಓಡಿಬರುತ್ತಾನೆ, ಸರಿಯಾಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಹಳೆಯ ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸಿದರೆ ಕೆಲಸವೇ ಹೋಗುತ್ತಿತ್ತು, ತಪ್ಪು ಇದ್ದ ಕಾರೂ ಮುಂದೆ ಸಾಗಬೇಕಿತ್ತು. ಯೂನಿಯನ್ ಕೂಡ ತನ್ನ ಹಟ ಬಿಟ್ಟಿತು. ಯಾರು ಯಾವ ಕೆಲಸ ಮುಟ್ಟಬೇಕೆಂಬ ಹತ್ತಾರು ವರ್ಗಗಳು ಬೆರಳೆಣಿಕೆಗೆ ಇಳಿದವು. ಕಂಪನಿ, ಬೇರೆ ದಾರಿಯೆಲ್ಲ ಮುಚ್ಚುವ ತನಕ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಬರೆದುಕೊಟ್ಟಿತು. 1988ರಲ್ಲಿ ಮಾರಾಟ ಕುಸಿದಾಗಲೂ ತೆಗೆಯಲಿಲ್ಲ. ಎರಡೇ ವರ್ಷಗಳೊಳಗೆ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನದಕ್ಕೆ ಸಮನಾಯಿತು.

ಅದೇ ಜನ, ಅದೇ ಯೂನಿಯನ್, ಅದೇ ಕಟ್ಟಡ. ಬದಲಾದದ್ದು ನಡೆಸುವವರ ರೀತಿ. ಎಂಜಿನಿಯರ್ ಆದ ನಿನಗೆ ಇದಕ್ಕಿಂತ ಸ್ವಚ್ಛವಾದ ಪ್ರಯೋಗ ಎಲ್ಲಿ ಸಿಕ್ಕೀತು? ಜನರಲ್ ಮೋಟಾರ್ಸ್‌ಗೆ ಆ ಪಾಠ ಅಂಗೈಯಲ್ಲೇ ಇತ್ತು. ಆದರೂ ಅದೇ ದಶಕದಲ್ಲಿ ಅದು ಸಾವಿರಾರು ಕೋಟಿ ಡಾಲರುಗಳನ್ನು ರೋಬೋಟ್‌ಗಳಿಗೂ ಹೊಸ ಯಂತ್ರಗಳಿಗೂ ಸುರಿಯಿತು. ಫ್ರೀಮಾಂಟ್‌ನಲ್ಲಿ ಕಲಿತವರನ್ನು ಅಲ್ಲಿ ಇಲ್ಲಿ ಚದುರಿಸಿತು.

ಯೂನಿಯನ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಲೇಆಫ್ ಆದವರಿಗೆ ಕೆಲಸವಿಲ್ಲದಿದ್ದರೂ ಹೆಚ್ಚುಕಡಿಮೆ ಪೂರ್ತಿ ಸಂಬಳ ಕೊಡುವ 'ಜಾಬ್ಸ್ ಬ್ಯಾಂಕ್' ಎಂಬ ಏರ್ಪಾಟು 1980ರ ದಶಕದಿಂದ 2009ರವರೆಗೆ ನಡೆಯಿತು. ಅದು ಯಾರಿಗೂ ಗೌರವ ತರಲಿಲ್ಲ. ನನಗೆ ಹೆಚ್ಚು ನೋವು ಕೊಟ್ಟದ್ದು 2007ರ ಒಪ್ಪಂದ. ಒಂದೇ ಲೈನಿನಲ್ಲಿ ಪಕ್ಕಪಕ್ಕ ನಿಂತವರಲ್ಲಿ ಹಳಬರಿಗೆ ಗಂಟೆಗೆ 28 ಡಾಲರ್, ಹೊಸಬರಿಗೆ ಅದರ ಅರ್ಧ. ಸಮಾನತೆಗಾಗಿ ಹುಟ್ಟಿದ ಸಂಘಟನೆ ಕಿರಿಯರನ್ನು ಮಾರಿ ಹಿರಿಯರನ್ನು ಉಳಿಸಿಕೊಂಡಿತು. ಇನ್ನು ನಾಯಕರಂತೂ! ಮಾಜಿ ಅಧ್ಯಕ್ಷರಾದ ಗ್ಯಾರಿ ಜೋನ್ಸ್ ಮತ್ತು ಡೆನ್ನಿಸ್ ವಿಲಿಯಮ್ಸ್ ಸದಸ್ಯರ ಚಂದಾ ಹಣದಲ್ಲಿ ಗಾಲ್ಫ್, ಸಿಗಾರ್, ಪಾಮ್ ಸ್ಪ್ರಿಂಗ್ಸ್‌ನ ಬಂಗಲೆ ಎಂದು ಮೆರೆದು ಜೈಲಿಗೆ ಹೋದರು. ಫ್ಲಿಂಟ್‌ನಲ್ಲಿ ಚಳಿಯಲ್ಲಿ ಕುಳಿತವರ ಹೆಸರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

2008ರ ಚಳಿಗಾಲ ನಿನಗೆ ಮಸುಕಾಗಿ ನೆನಪಿರಬಹುದು. ಡೆಟ್ರಾಯಿಟ್‌ನ ಕಾರ್ಮಿಕ ಗಂಟೆಗೆ 70 ಡಾಲರ್ ಗಳಿಸುತ್ತಾನೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಆ ಲೆಕ್ಕ ಹೇಗೆ ಬಂತೆಂದರೆ, ಲಕ್ಷಾಂತರ ನಿವೃತ್ತರ ಪಿಂಚಣಿ ಮತ್ತು ಆಸ್ಪತ್ರೆ ಖರ್ಚನ್ನೂ ಕೂಡಿಸಿ, ಆಗ ಕೆಲಸದಲ್ಲಿದ್ದವರ ಗಂಟೆಗಳಿಂದ ಭಾಗಿಸಿದ್ದರು. ಜಪಾನಿನಲ್ಲಿ, ಜರ್ಮನಿಯಲ್ಲಿ ಆರೋಗ್ಯದ ವಿಮೆ ಇಡೀ ದೇಶದ ವ್ಯವಸ್ಥೆ. ಇಲ್ಲೂ ಹಾಗೇ ಆಗಲಿ ಎಂದು ರೂಥರ್ ಕೊನೆಯವರೆಗೂ ಕೇಳಿದರು, ಆಗಲಿಲ್ಲ. ಆ ಹೊರೆ ಕಂಪನಿಗಳ ತಲೆಗೆ ಬಂತು. ಕೊನೆಗೆ ಪ್ರತಿ ಕಾರಿನ ಮೇಲೆ ಸುಮಾರು 1,500 ಡಾಲರ್ ಆರೋಗ್ಯದ ಖರ್ಚು ಎಂದು ಜನರಲ್ ಮೋಟಾರ್ಸ್ ಅಳುವಂತಾಯಿತು. ದಕ್ಷಿಣದಲ್ಲಿ ಹೊಸದಾಗಿ ಬಂದ ವಿದೇಶಿ ಕಾರ್ಖಾನೆಗಳಲ್ಲಿ ನಿವೃತ್ತರು ತೀರಾ ಕಡಿಮೆ, ಹಾಗಾಗಿ ಆ ಖರ್ಚೂ ಕಡಿಮೆ. 2009ರಲ್ಲಿ ಕ್ರೈಸ್ಲರ್, ಹಿಂದೆಯೇ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಆ ಹೊತ್ತಿಗೆ ನಾನು ಕೆಲಸ ಮಾಡುತ್ತಿದ್ದ ಬಿಡಿಭಾಗಗಳ ಕಂಪನಿಯೂ ಮುಚ್ಚಿತು. ಅಲ್ಲಿ ಯೂನಿಯನ್ ಇರಲಿಲ್ಲ. ಒಂದು ಹಾಳೆ ಕೈಗಿತ್ತು, ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಿ ಎಂದರು. ಏಕೆ ಎಂದು ಕೇಳಲು ಯಾರೂ ಇರಲಿಲ್ಲ.

ಜರ್ಮನಿಯನ್ನೂ ನೋಡು. ಫೋಕ್ಸ್‌ವ್ಯಾಗನ್‌ನ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರ ಪ್ರತಿನಿಧಿಗಳದು. ಯೂನಿಯನ್ ಇದ್ದರೆ ಉದ್ಯಮ ಸಾಯುವುದಾದರೆ ಆ ಕಂಪನಿ ಎಂದೋ ಸಾಯಬೇಕಿತ್ತು.

ಇಲ್ಲಿಯೂ ಕಾಲ ತಿರುಗುತ್ತಿದೆ. 2023ರ ಮುಷ್ಕರದ ನಂತರ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್‌ನ ಒಡೆಯ ಸ್ಟೆಲ್ಯಾಂಟಿಸ್ ಮೂರೂ ಕಂಪನಿಗಳು ನಾಲ್ಕೂವರೆ ವರ್ಷಗಳಲ್ಲಿ ಶೇಕಡಾ 25ರ ಏರಿಕೆಗೆ ಒಪ್ಪಿದವು, ತುಟ್ಟಿಭತ್ಯೆ ಮರಳಿತು, ಎರಡು ದರದ ಸಂಬಳದ ಬಹುಪಾಲು ಹೋಯಿತು. 2024ರ ಏಪ್ರಿಲ್‌ನಲ್ಲಿ ಚಟ್ಟನೂಗದ ನೌಕರರು ಕೊನೆಗೂ ಯೂನಿಯನ್ ಬೇಕೆಂದು ಮತ ಹಾಕಿದರು. ಮರುತಿಂಗಳೇ ನಿನ್ನ ಅಲಬಾಮಾದ ಮರ್ಸಿಡಿಸ್ ಕಾರ್ಖಾನೆಯಲ್ಲಿ ಬೇಡ ಎಂದರು. ಇಂಥ ಮತದಾನ ನಿಮ್ಮಲ್ಲಿಗೂ ಬಂದೀತು.

ನೀನು ಮೇಲ್ವಿಚಾರಕಿ, ಕಾನೂನಿನ ಪ್ರಕಾರ ನಿನಗೆ ಅದರಲ್ಲಿ ಮತವಿಲ್ಲ. ಆದರೆ ಲೈನಿನವರ ಮಾತು ಮೊದಲು ಬಂದು ಮುಟ್ಟುವುದು ನಿನ್ನನ್ನೇ. 2014ರಲ್ಲಿ ಹೊರಬಂದ ಇಗ್ನಿಷನ್ ಸ್ವಿಚ್ ಪ್ರಕರಣವನ್ನು ಓದು, ಕಾರು ಓಡುವಾಗಲೇ ಎಂಜಿನ್ ನಿಂತು ಏರ್‌ಬ್ಯಾಗ್ ತೆರೆಯದಂತೆ ಮಾಡುತ್ತಿದ್ದ ದೋಷ ಅದು. ಜನರಲ್ ಮೋಟಾರ್ಸ್ ಒಳಗಿನ ಎಂಜಿನಿಯರುಗಳಿಗೆ, ವಕೀಲರಿಗೆ ವರ್ಷಗಳಿಂದ ದೋಷ ಗೊತ್ತಿತ್ತು. ಸಭೆಗಳಲ್ಲಿ ತಲೆಯಾಡಿಸಿ ಎದ್ದುಹೋದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಆ ಸಭೆಗಳಲ್ಲಿ ಲೈನಿನ ಕಾರ್ಮಿಕರು ಇರಲಿಲ್ಲ. ನಿನ್ನಂಥ, ನನ್ನಂಥ ಓದಿದವರು ಇದ್ದರು.

ಮುಂದಿನ ಪತ್ರದಲ್ಲಿ ನನಗೆ ಒಂದು ವಿಷಯ ಬರೆದು ತಿಳಿಸು. ನಿಮ್ಮ ಲೈನಿನಲ್ಲಿ ಹಗ್ಗವೋ ಗುಂಡಿಯೋ ಇದ್ದೇ ಇರುತ್ತದೆ, ಈಗ ಬಹುತೇಕ ಕಡೆ ಇದೆ. ಕಳೆದ ವಾರ ಅದನ್ನು ಯಾರಾದರೂ ಬಳಸಿದರೇ? ಬಳಸಿದವರ ಹತ್ತಿರ ನೀನು ಹೋದಾಗ ಮೊದಲು ಏನು ಕೇಳಿದೆ?

ಊಟ ತಪ್ಪಿಸಬೇಡ. ಅಪ್ಪನೂ ಆಶೀರ್ವಾದ ಹೇಳಿದ್ದಾರೆ.

ನಿನ್ನ
ಅಮ್ಮ