ಐಸಿಯು ಸೋಂಕಿನ ಲೆಕ್ಕ ಜನರಿಗೆ ತೋರಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ನನ್ನ ಬೇಡಿಕೆ ಒಂದೇ. ಮೊದಲೇ ಹೇಳಿಬಿಡುತ್ತೇನೆ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಐಸಿಯುಗೆ ಸೇರಿಸಿಕೊಳ್ಳುವ ರಾಜ್ಯದ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತನ್ನಲ್ಲಿ ಎಷ್ಟು ಜನರಿಗೆ ಆಸ್ಪತ್ರೆಯಿಂದಲೇ ಸೋಂಕು ತಗುಲಿತು ಅನ್ನುವ ಲೆಕ್ಕ ಇಡಬೇಕು. ಆ ಲೆಕ್ಕ ಜನರ ಕಣ್ಣಿಗೆ ಬೀಳಬೇಕು.

ನನ್ನ ತಮ್ಮನ ಬೈಕಿಗೆ ತುಮಕೂರು ಕಡೆ ಹೈವೇಯಲ್ಲಿ ಲಾರಿ ಗುದ್ದಿತು. ತೊಡೆ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಪಕ್ಕೆಲುಬುಗಳೂ ಮುರಿದಿದ್ದವು. ಆಪರೇಷನ್ ಚೆನ್ನಾಗಿಯೇ ಆಯಿತು, ಸರ್ಜನ್ ಮೇಲೆ ನನ್ನ ದೂರಿಲ್ಲ. ವೆಂಟಿಲೇಟರ್ ಮೇಲಿದ್ದರೂ ಕಣ್ಣು ಬಿಟ್ಟು ಅಮ್ಮನ ಕೈ ಹಿಡಿದುಕೊಂಡ. ಇನ್ನೇನು ಟ್ಯೂಬ್ ತೆಗೀತೀವಿ ಅಂದರು. ಅಷ್ಟರಲ್ಲಿ ಜ್ವರ ಬಂತು. ನ್ಯುಮೋನಿಯಾ ಅಂದರು. ಯಾವ ರೋಗಾಣು, ಅದಕ್ಕೆ ಯಾವ ಔಷಧಿ ಅಂತ ಹೇಳುವ ಕಲ್ಚರ್ ರಿಪೋರ್ಟಿನಲ್ಲಿ ಅಸಿನೆಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಅಂತ ಬಂತು. ಪಟ್ಟಿಯಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಔಷಧಿಗಳ ಮುಂದೆ 'ಆರ್' ಅಂತ ಬರೆದಿತ್ತು. ಅಂದರೆ ಅವು ಕೆಲಸ ಮಾಡುವುದಿಲ್ಲ. ಉಳಿದದ್ದು ಕೊಲಿಸ್ಟಿನ್. ಅದು ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧಿ. ಆಮೇಲೆ ಡಯಾಲಿಸಿಸ್ ಶುರುವಾಯಿತು. ತಮ್ಮ ಉಳಿಯಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ರಸ್ತೆ ಅಪಘಾತದಲ್ಲಿ ಸತ್ತವನು. ಸೋಂಕು ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಒಂದು ರಾತ್ರಿ ನಾನು ಐಸಿಯು ಬಾಗಿಲಲ್ಲಿ ನಿಂತು ನೋಡಿದ್ದನ್ನು ಹೇಳಲೇಬೇಕು. ಪಕ್ಕದ ಹಾಸಿಗೆಯವರ ಗಾಯದ ಬ್ಯಾಂಡೇಜ್ ಬದಲಿಸಿದ ಸಿಸ್ಟರ್ ಅದೇ ಗ್ಲೌಸಿನಲ್ಲಿ ಬಂದು ನನ್ನ ತಮ್ಮನ ಟ್ಯೂಬಿಗೆ ಕೈ ಹಾಕಿ ಕಫ ತೆಗೆದರು. "ಗ್ಲೌಸ್ ಬದಲಿಸಿ ಸಿಸ್ಟರ್" ಅಂದೆ. "ನೀವು ಡಾಕ್ಟರಾ? ಹೊರಗೆ ಹೋಗಿ" ಅಂದರು. ಹಾಸಿಗೆಗೆ ನೇತುಹಾಕಿದ್ದ ಹ್ಯಾಂಡ್‌ರಬ್ ಬಾಟಲಿ ಖಾಲಿ ಇತ್ತು. ಆ ಸಿಸ್ಟರ್ ಒಬ್ಬರನ್ನೇ ಬೈದು ಏನು ಪ್ರಯೋಜನ? ಅಷ್ಟೂ ವೆಂಟಿಲೇಟರ್ ಹಾಸಿಗೆಗಳನ್ನು ಆ ರಾತ್ರಿ ಅವರೊಬ್ಬರೇ ನೋಡುತ್ತಿದ್ದರು.

ಸೋಂಕು ಹೇಗೆ ಬಂತು ಅಂತ ಆಡಳಿತದವರನ್ನು ಕೇಳಿದೆ. "ನೀವು ಮನೆಯವರು ಬಂದು ಮುಟ್ಟಿ ಹೋಗ್ತೀರಲ್ಲ, ನಿಮ್ಮಿಂದಲೇ ಬಂದಿರುತ್ತೆ" ಅಂದರು. ಅಮ್ಮನ ಎದುರಿಗೇ ಅಂದರು. ಅಮ್ಮ ಇವತ್ತಿಗೂ "ನಾನು ಅವನ ಕೈ ಮುಟ್ಟಬಾರದಿತ್ತಾ" ಅಂತ ಕೇಳುತ್ತಾಳೆ. ಇದನ್ನು ನಾನು ಹೇಗೆ ಕ್ಷಮಿಸಲಿ ಹೇಳಿ. ಇಷ್ಟೊಂದು ಔಷಧಿಗಳಿಗೆ ಬಗ್ಗದ ಆ ಬ್ಯಾಕ್ಟೀರಿಯಾದ ಮುಖ್ಯ ನೆಲೆ ಆಸ್ಪತ್ರೆ. ಮಂಚದ ಕಂಬಿ, ಮಾನಿಟರ್, ವೆಂಟಿಲೇಟರ್ ಪೈಪು, ಒರೆಸದೇ ಬಿಟ್ಟರೆ ಇಂಥ ಕಡೆಯಲ್ಲೆಲ್ಲ ಎಷ್ಟೋ ದಿನ ಬದುಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅದನ್ನು ಅತಿ ಅಪಾಯದ ಪಟ್ಟಿಗೆ ಸೇರಿಸಿದೆ. ಮೈತುಂಬಾ ಗಾಯ, ಗಂಟಲಲ್ಲಿ ಒಂದು ಟ್ಯೂಬು, ರಕ್ತನಾಳಕ್ಕೊಂದು, ಮೂತ್ರಕ್ಕೊಂದು. ಇಂಥವರಿಗೆ ಅದು ತಗುಲುವುದು ಜಾಸ್ತಿ ಅಂತ ನಿಮ್ಮ ವೈದ್ಯರೇ ಹೇಳುತ್ತಾರೆ.

ನಿಯಮ ನಿಮಗೆ ಗೊತ್ತಿರುವುದೇ. ಸೋಂಕು ತಡೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಮಿತಿ ಇರಬೇಕು, ಅದಕ್ಕೇ ಮೀಸಲಾದ ನರ್ಸ್ ಇರಬೇಕು, ಸೋಂಕಿನ ಲೆಕ್ಕ ಇರಬೇಕು ಅಂತ ಅದರಲ್ಲಿದೆ. ದೆಹಲಿ ಏಮ್ಸ್‌ನ ಟ್ರಾಮಾ ಸೆಂಟರ್‌ನವರು ದೇಶದ ಹಲವು ಆಸ್ಪತ್ರೆಗಳನ್ನು ಕೂಡಿಸಿಕೊಂಡು ಈ ಲೆಕ್ಕ ಇಡುತ್ತಲೇ ಇದ್ದಾರೆ. ದಿನವೂ ಎಷ್ಟು ಜನ ವೆಂಟಿಲೇಟರ್ ಮೇಲಿದ್ದಾರೆ ಅಂತ ಎಣಿಸಿ ಕೂಡಿಸುವುದು (ಒಬ್ಬರು ಒಂದು ದಿನ ಇದ್ದರೆ ಒಂದು ವೆಂಟಿಲೇಟರ್ ದಿನ), ಅಂಥ 1000 ದಿನಗಳಿಗೆ ಎಷ್ಟು ನ್ಯುಮೋನಿಯಾ ಆಯಿತು ಅಂತ ಬರೆಯುವುದು. ದಿನಾ ತಪ್ಪದೆ ಬರೆಯಲು ಒಬ್ಬರಿದ್ದರೆ ಸಾಕು. ಅವರಿಗೆ ಆಗುತ್ತದೆ, ನಮಗೆ ಯಾಕೆ ಆಗಲ್ಲ?

ನಮ್ಮ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆಗಳು ಚಿಕಿತ್ಸೆಯ ದರ ಪ್ರಕಟಿಸಬೇಕು. ದರ ಗೊತ್ತಾದರೆ ಸಾಕಾ? ಒಳಗೆ ಹೋದವರಲ್ಲಿ ಎಷ್ಟು ಜನರಿಗೆ ಸೋಂಕು ಬಂತು ಅನ್ನುವುದೂ ಗೊತ್ತಾಗಬೇಕು ಅಲ್ವಾ?

2016ರಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಸಾಯುವ ಹೊತ್ತಿನಲ್ಲೂ ಅಂಗಾಂಗ ದಾನದ ಮಾತಾಡಿದರು. ಅವರ ಹೆಸರಿನಲ್ಲಿ ಸರ್ಕಾರ ಯೋಜನೆ ತಂದಿತು. ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಚಿಕಿತ್ಸೆ. ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಯ ಸೋಂಕು ಅಂತ ಸಾಮಾನ್ಯವಾಗಿ ಎಣಿಸುವುದೇ 48 ಗಂಟೆ ಕಳೆದ ಮೇಲೆ ಬಂದದ್ದನ್ನು. 2025ರ ಕೇಂದ್ರದ ಯೋಜನೆಯಲ್ಲಿ 7 ದಿನ, ಒಂದೂವರೆ ಲಕ್ಷದವರೆಗೆ ಇದೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗೆ ಒಂದು ಷರತ್ತು ಹಾಕಿ. ಸೋಂಕಿನ ಲೆಕ್ಕ ಕೊಟ್ಟರೆ ಮಾತ್ರ ಹಣ.

ಮೊದಮೊದಲು ಪ್ರಾಮಾಣಿಕವಾಗಿ ಎಣಿಸಿದವರ ಸಂಖ್ಯೆಯೇ ದೊಡ್ಡದಾಗಿ ಕಾಣಬಹುದು. ಅವರನ್ನು ಶಿಕ್ಷಿಸಬೇಡಿ. ಎಣಿಸದವರನ್ನು ಕೇಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಬೇರೆ ಇಲಾಖೆಗೆ ಸೇರಿದವು ಅಂತ ದಯವಿಟ್ಟು ಹೇಳಬೇಡಿ. ಗಾಯಾಳು ಇಲಾಖೆ ನೋಡಿಕೊಂಡು ಬೀಳುವುದಿಲ್ಲ.

ಆಸ್ಪತ್ರೆಗೆ ಬರೆದೆ, ಉತ್ತರ ಬರಲಿಲ್ಲ. ಅಧಿಕಾರಿಗಳಿಗೆ ಬರೆದೆ, "ಪರಿಶೀಲಿಸಲಾಗುವುದು" ಅಂತ ಕಾಗದ ಬಂತು. ಸಾಕಾಗಿ ಸುಮ್ನೆ ಆಗಿದ್ದೆ. ಮೊನ್ನೆ ಪಕ್ಕದೂರಿನವರೊಬ್ಬರು ಫೋನ್ ಮಾಡಿದರು. ಅವರ ಮಗನಿಗೂ ಅಪಘಾತ. "ಯಾವ ಆಸ್ಪತ್ರೆಗೆ ಹಾಕಿದ್ರೆ ಸೋಂಕು ಕಮ್ಮಿ, ನಿಮಗೆ ಗೊತ್ತಿರುತ್ತಲ್ಲ" ಅಂತ ಕೇಳಿದರು. ನಾನು ಏನಂತ ಹೇಳಲಿ? ಅದಕ್ಕೇ ಈ ಪತ್ರ.

ಲೆಕ್ಕ ಇಡಿಸಿ. ಲೆಕ್ಕ ತೋರಿಸಿ. ಇನ್ನೊಂದು ಸಮಿತಿ ಮಾಡುತ್ತೇವೆ ಅನ್ನುವ ಉತ್ತರ ಬೇಡ. ಯಾವ ತಿಂಗಳಿಂದ ಶುರು ಮಾಡುತ್ತೀರಿ, ಜನ ಅದನ್ನು ಎಲ್ಲಿ ನೋಡಬಹುದು, ಈ ಎರಡಕ್ಕೆ ಬರಹದಲ್ಲಿ ಉತ್ತರ ಕೊಡಿ.

ಇಂತಿ,
ಗಾಯಾಳುವೊಬ್ಬನ ಅಕ್ಕ,
ತುಮಕೂರು ಜಿಲ್ಲೆ