ಪಾತ್ರಕ್ಕೊಂದು ಕೆಲಸ ಕೊಡು

ಹಾಸನ

ಚಿ|| ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಐದನೇ ತರಗತಿಗೆ ಹೇಮಾವತಿ ಹೊಳೆಯ ಪಾಠವನ್ನು ನಾಟಕ ಆಡಿಸಿ ಕಲಿಸಬೇಕೆಂದು ರಾತ್ರಿಯೆಲ್ಲ ಸಂಭಾಷಣೆ ಬರೆಯುತ್ತಾ ಕೂತಿದ್ದೀಯಂತೆ. ಬರೆಯುವುದು ಸಾಕು ಮಾಡು. ಬಾಯಿಪಾಠದ ಮಾತು ಶಾಲಾ ವಾರ್ಷಿಕೋತ್ಸವಕ್ಕೆ ಇರಲಿ, ಅಲ್ಲಿ ನೋಡುವವರು ಇರುತ್ತಾರೆ. ತರಗತಿಯಲ್ಲಿ ಹಾಗೆ ಮಾಡಿದರೆ ನಾಲ್ಕು ಚುರುಕು ಮಕ್ಕಳು ಒಪ್ಪಿಸುತ್ತಾರೆ, ಉಳಿದ ಇಪ್ಪತ್ತು ಮಕ್ಕಳು ಆಕಳಿಸುತ್ತಾರೆ. ಪಾತ್ರಕ್ಕೆ ಒಂದು ಕೆಲಸ ಕೊಡು, ಬಿಡಿಸಲೇಬೇಕಾದ ತೊಡಕು ಕೊಡು. ಮಾತು ತಾನಾಗಿ ಬರುತ್ತೆ.

ನಿನ್ನ ಹೊಳೆಯನ್ನೇ ತಗೋ. ಬೆಂಚು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆಸು. ಮೂಡಿಗೆರೆ ಕಡೆ ಬಲ್ಲಾಳರಾಯನದುರ್ಗದ ಹತ್ತಿರ ಹುಟ್ಟು, ಆಮೇಲೆ ಸಕಲೇಶಪುರ, ಗೊರೂರು ಅಣೆಕಟ್ಟೆ, ಹೊಳೆನರಸೀಪುರ, ಕೊನೆಗೆ ಕಾವೇರಿ. ಆರಾರು ಮಕ್ಕಳ ನಾಲ್ಕು ಗುಂಪು: ಮೇಲಿನ ತೋಟದವರು, ಹಳ್ಳದ ಪಕ್ಕದ ಊರಿನವರು, ಅಣೆಕಟ್ಟೆ ನೋಡಿಕೊಳ್ಳುವವರು, ಕೆಳಗಿನ ಗದ್ದೆಯವರು. ಎಲ್ಲರೂ ಆಟದೊಳಗೇ ಇರಲಿ, ಪ್ರೇಕ್ಷಕರು ಬೇಡ.

ತೊಡಕು ಇದು: ಜನವರಿ ತಿಂಗಳು, ಕಾಫಿ ಕುಯ್ಲು ಜೋರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ತೋಟದ ಕೊಳಕು ನೀರು ಹಳ್ಳಕ್ಕೆ ಬಂದಿದೆ, ನೀರು ಕಂದಾಗಿ ನಾರುತ್ತಿದೆ, ಮೀನು ತೇಲುತ್ತಿವೆ. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತೆ ಎಂಬ ವಿಜ್ಞಾನ ನಿನ್ನ ಕೈಯಲ್ಲಿ ಇರಲಿ. ಮೊದಲೇ ಹೇಳಿಬಿಡಬೇಡ. ‘ಮೀನು ಯಾಕೆ ಸತ್ತವು?’ ಎಂದು ಮಕ್ಕಳೇ ಕೇಳಿದಾಗ ಕೊಡು.

ನೀನು ಹೆಗಲಿಗೆ ಟವೆಲ್ ಹಾಕಿಕೊಂಡು ಪಂಚಾಯ್ತಿ ನೀರುಗಂಟಿಯಾಗಿ ಬಾ. ‘ಊರೋರು ನನ್ನ ಬೈತಾರೆ, ತೋಟದೋರು ಗೇಟು ತೆಗೆಯಲ್ಲ, ನಾನೇನು ಮಾಡ್ಲಿ?’ ಅಂತ ಕೇಳು. ತಹಸೀಲ್ದಾರರಾಗಿ ಬಂದೆಯೋ, ಮಕ್ಕಳು ನಿನ್ನ ಆರ್ಡರಿಗೆ ಕಾಯುತ್ತಾ ಕೂರುತ್ತಾರೆ. ಕೈಸೋತವನು ಎದುರಿಗಿದ್ದರೆ ಅವರೇ ಯೋಚನೆ ಮಾಡಬೇಕಾಗುತ್ತೆ.

40 ನಿಮಿಷದ ಪೀರಿಯಡ್ಡಿನಲ್ಲಿ ಹೊಳೆ ಬರೆದು ಗುಂಪು ಮಾಡಲು 8 ನಿಮಿಷ. ಆಮೇಲೆ ಒಂದೊಂದು ಗುಂಪಿನಿಂದ ಒಂದೊಂದು ಸ್ಥಿರಚಿತ್ರ: ಒಂದು, ಎರಡು, ಮೂರು ಅಂದ ಕೂಡಲೇ ಕಲ್ಲಿನ ಹಾಗೆ ನಿಲ್ಲಬೇಕು. ಬೇಲೂರಿನ ಶಿಲ್ಪ ನೋಡಿದ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ನೀನು ಹೆಗಲು ಮುಟ್ಟಿದವರು ಆ ಪಾತ್ರದ ಮನಸ್ಸಿನಲ್ಲಿರುವ ಒಂದೇ ವಾಕ್ಯ ಹೇಳಲಿ. ಇದಕ್ಕೆ 6 ನಿಮಿಷ. ನಾಲ್ಕೂ ಗುಂಪು ನೀರುಗಂಟಿಯ ಎದುರು ಸೇರಿ ವಾದ ಮಾಡುವ ಗ್ರಾಮಸಭೆಗೆ 11 ನಿಮಿಷ, ಜಗಳ ಮುಗಿಯದಿದ್ದರೂ ನಿಲ್ಲಿಸು. ಟವೆಲ್ ಮಡಚಿ ಮೇಜಿನ ಮೇಲಿಟ್ಟರೆ ನೀನು ಮತ್ತೆ ಟೀಚರ್, ಅವರು ಮತ್ತೆ ಮಕ್ಕಳು. ಉಳಿದ 15 ನಿಮಿಷ ಮಾತಿಗೂ ಬರವಣಿಗೆಗೂ ಮೀಸಲು. ಮುಕ್ಕಾಲು ಪಾಲು ಕಲಿಕೆ ಇಲ್ಲೇ. ಆಟ ಎಳೆದೂ ಎಳೆದೂ ಬೆಲ್ ಹೊಡೆಸಿಕೊಂಡರೆ ಕೈಗೆ ಬಂದದ್ದು ಗಲಾಟೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಪಾತ್ರದ ಪರವಾಗಿ ಪಂಚಾಯ್ತಿಗೆ ಐದು ಸಾಲಿನ ಅರ್ಜಿ ಬರೆಯಲಿ. ಕನ್ನಡದ ಪಾಠವೂ ಆಯ್ತು, ಕಲಿಯುತ್ತಿರುವಾಗಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ದಾಖಲೆಯೂ ಆಯ್ತು.

ಒಂದು ವಿಷಯದಲ್ಲಿ ಎಚ್ಚರ ಇರಲಿ, ಪುಟ್ಟಿ. ತೋಟದ ಕೂಲಿಗಳು ಇರುವ ಲೈನ್ ಮನೆಯ ಮಗುವಿಗೆ ಕೂಲಿಯ ಪಾತ್ರ, ತೋಟದ ಯಜಮಾನರ ಮಗುವಿಗೆ ಯಜಮಾನನ ಪಾತ್ರ ಕೊಡಬೇಡ. ಮನೆಯ ಕಷ್ಟವನ್ನು ಎಲ್ಲರೆದುರು ಆಡಿ ತೋರಿಸು ಎಂದಂತಾಗುತ್ತೆ. ಕಾಡಾನೆ ವಿಷಯ ಎತ್ತಿಕೊಳ್ಳುವುದಾದರೆ ಯಾವ ಮಗುವಿನ ಮನೆಯಲ್ಲಾದರೂ ಅನಾಹುತ ಆಗಿದೆಯಾ ಎಂದು ಮೊದಲು ವಿಚಾರಿಸು. ಆಗಿದ್ದರೆ ಆ ವಿಷಯವೇ ಬೇಡ.

ಮಳೆಗಾಲದಲ್ಲಿ ನಿಮ್ಮ ಕಡೆ ಶೀಟಿನ ಮೇಲೆ ಮಳೆ ಬಿದ್ದರೆ ಯಾರ ಮಾತೂ ಕೇಳಿಸಲ್ಲ. ಆ ದಿನ ಮೂಕಾಭಿನಯ, ಸ್ಥಿರಚಿತ್ರ ಅಷ್ಟೇ. ಬೇರೆ ದಿನ ಆಟ ನಿಲ್ಲಿಸುವುದಕ್ಕೆ ದಮ್ಮಡಿಯ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ) ಒಂದು ಪೆಟ್ಟು ಸಾಕು, ಆದರೆ ಆಟಕ್ಕೆ ಮೊದಲೇ ಎರಡು ಮೂರು ಸಲ ಅಭ್ಯಾಸ ಮಾಡಿಸಿರಬೇಕು. ಧಾರಾವಾಹಿ ನೋಡಿ ಕೆನ್ನೆಗೆ ಹೊಡೆಯುವುದನ್ನು ಕಲಿತ ಹುಡುಗರು ಇದ್ದೇ ಇರುತ್ತಾರೆ. ‘ಮುಟ್ಟದೆ ಸಿಟ್ಟು ತೋರಿಸು’ ಎಂಬ ನಿಯಮ ಹಾಕು, ಅಭಿನಯವೂ ಸುಧಾರಿಸುತ್ತೆ. ಬಾಯಿ ಬಿಡದ ಮಗುವಿಗೆ ಮರದ ಪಾತ್ರ ಕೊಟ್ಟು ಮೂಲೆಯಲ್ಲಿ ನಿಲ್ಲಿಸಬೇಡ, ದಮ್ಮಡಿಯನ್ನೇ ಕೊಡು. ಮನೆಯಲ್ಲಿ ತಮಿಳೋ ತುಳುವೋ ಆಡುವ ಮಕ್ಕಳು ಮೊದಲ ಸುತ್ತು ಅದರಲ್ಲೇ ಆಡಲಿ, ಎರಡನೆಯದು ಕನ್ನಡದಲ್ಲಿ.

ನಲಿ-ಕಲಿಯ, ಅಂದರೆ ಒಂದರಿಂದ ಮೂರನೇ ತರಗತಿಯ ಚಿಕ್ಕವರಿಗೆ ಹತ್ತು ನಿಮಿಷ ಮೀರಬೇಡ. ಕನ್ನಡಕ ಮರೆತು ಸಂತೆಗೆ ಬಂದ ಅಜ್ಜಿಯಾಗು. ಚೀಟಿ ಓದಿಕೊಡುವವರು ಅವರು, ಅರ್ಧ ಕೆಜಿ ಆಲೂಗಡ್ಡೆಗೆ ಎಷ್ಟಾಯ್ತು, ಚಿಲ್ಲರೆ ಎಷ್ಟು ಬರಬೇಕು ಎಂದು ಲೆಕ್ಕ ಹೇಳುವವರೂ ಅವರೇ. ನೀನು ಬೇಕೆಂದೇ ತಪ್ಪು ಲೆಕ್ಕ ಹಾಕು.

ವೇಷ, ಬಣ್ಣ, ಪರದೆಗೆ ಕಾಸು ಹಾಕಬೇಡ. ವಾರಕ್ಕೆ ಒಂದೇ ಪೀರಿಯಡ್ ಮಾಡು. ಗೌರಿ ಹಬ್ಬಕ್ಕೆ ಬರುವಾಗ ಆ ಅರ್ಜಿಗಳ ಕಟ್ಟು ತಗೊಂಡು ಬಾ, ಒಟ್ಟಿಗೆ ಕೂತು ಓದೋಣ.

ನಿನ್ನ
ದೊಡ್ಡಮ್ಮ